ಟ್ವೈಲಾಳ ಕೋಣೆಯ ಹಿಂಗೋಡೆ

ಮನೆಯ ಹಿಂಗೋಡೆಯ ತಗಡು ಕಳಚುವ ಮೊದಲು ಲಾನಿ ಅದರ ಮೇಲೆ ಬೆರಳಗಂಟಿನಿಂದ ಕುಟ್ಟುತ್ತ ಬಂದ. ಕಿಟಕಿಯ ಮಟ್ಟದಲ್ಲಿ ಟಣಟಣ ಅಂದ ತಗಡು ಮೊಣಕಾಲಿನ ಹತ್ತಿರ ಬಂದಾಗ ಸುಮ್ಮನಾಯಿತು. ಒದ್ದೆ ಬಟ್ಟೆಗೆ ಕುಟ್ಟಿದ ಹಾಗೆ.

"ಅತ್ತಿಗೆ, ಇಲ್ಲಿ ನೀರು ಕುಡಿದಿದೆ."

"ಒಂದು ಹಾಳೆ ತಾನೆ? ತೆಗೆದು ಬೇರೆ ಹಾಕು. ಹೊಸದು ತಂದಿದೀಯಲ್ಲ," ಅಂದಳು ಆರ್ಡಿತ್. ಒಲೆಯ ಮೇಲೆ ಬೀನ್ಸ್ ಕಾಳು ಬೇಯುತ್ತಿತ್ತು. ಅದನ್ನೊಂದು ಕಣ್ಣಿನಲ್ಲಿ, ಇದನ್ನೊಂದು ಕಣ್ಣಿನಲ್ಲಿ ನೋಡುತ್ತ ಅವಳು ಬೆಳಗಿನಿಂದ ಒಳಗೂ ಹೊರಗೂ ಓಡಾಡುತ್ತಿದ್ದಳು.

ಲಾನಿ ಅವಳ ಗಂಡ ಹೋಬರ್ಟನ ತಮ್ಮ. ಹೋಬರ್ಟ್ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅವನನ್ನು ಮಣ್ಣು ಮಾಡಿ ಹಿಮ ಕರಗುವಷ್ಟರಲ್ಲಿ ಗಾಲಿಯ ಮೇಲೆ ಕೂತ ತಗಡಿನ ಮನೆಗಳ ಈ ಟ್ರೇಲರ್ ವಠಾರದ ನೆಲವೂ ಕೈಬದಲಾಗಿತ್ತು. ಹೊಸ ಯಜಮಾನರಿಗೆ ಬೇಕಾದದ್ದು ನೆಲ, ಅದರ ಮೇಲಿನ ಹಳೆಯ ಮನೆಗಳಲ್ಲ. ಬೇಸಗೆ ಮುಗಿಯುವುದರೊಳಗೆ ಎಲ್ಲರೂ ಜಾಗ ಬಿಡಬೇಕಿತ್ತು. ಗುಡ್ಡದ ಆಚೆ ಲಾನಿಯ ಮನೆಯ ಪಕ್ಕದಲ್ಲಿ ಒಂದಿಷ್ಟು ಸಮತಟ್ಟು ಜಾಗವಿತ್ತು. ಈ ಮನೆಯನ್ನೇ ಲಾರಿಗೆ ಕಟ್ಟಿ ಅಲ್ಲಿಗೆ ಎಳೆದುಕೊಂಡು ಹೋಗಿ ನಿಲ್ಲಿಸುವುದು ಅಂತ ಮಾತಾಗಿತ್ತು. ಮನೆ ಎಳೆಯುವ ಟ್ಯಾಕೆಟ್ ಬಂದು ಸುತ್ತ ನೋಡಿ, "ಹಿಂಗೋಡೆ ಉಬ್ಬಿದೆ. ರಿಪೇರಿ ಮಾಡಿಸಿಡಿ. ಮರ ಗಟ್ಟಿಯಿದ್ರೆ ಎಳೀತೀನಿ, ಇಲ್ದಿದ್ರೆ ಇಲ್ಲ," ಎಂದು ಹೇಳಿ ಹೋಗಿದ್ದ. ನಾಳೆ ಬೆಳಿಗ್ಗೆ ಅವನು ಮತ್ತೆ ಬರುವವನಿದ್ದ.

ಆರ್ಡಿತ್‌ಗಾದರೆ ಎಲ್ಲಿ ಮಲಗಿದರೂ ನಡೆಯುತ್ತಿತ್ತು. ಚಿಂತೆಯೆಲ್ಲ ಇದ್ದದ್ದು ಮಗಳು ಟ್ವೈಲಾಳದು. ವಯಸ್ಸು ಮೂವತ್ತು ದಾಟಿದ್ದರೂ ಅವಳ ಮನಸ್ಸು ಮೊದಲನೇ ತರಗತಿಯ ಬೆಂಚನ್ನು ದಾಟಿರಲಿಲ್ಲ. ಕತ್ತಲಲ್ಲೂ ಈ ಮನೆಯೊಳಗೆ ಎಡವದೆ ನಡೆಯುತ್ತಿದ್ದಳು, ಹೊರಗೆ ಹಗಲಲ್ಲೂ ಯಾರದಾದರೂ ಕೈ ಬೇಕಿತ್ತು. ಅಪ್ಪನ ಮಣ್ಣು ಮುಗಿದ ಮೇಲೆ ಅವಳನ್ನು ಲಾನಿಯ ಮನೆಯಲ್ಲಿ ಎರಡು ದಿನ ಇಟ್ಟುಕೊಂಡಿದ್ದರು. ಆ ಎರಡು ದಿನವೂ ಟ್ವೈಲಾ ಕೋಟು ಬಿಚ್ಚಲಿಲ್ಲ. ಊಟ ಬೇಡ, ಹಾಸಿಗೆ ಬೇಡ. ಬಾಗಿಲ ಹತ್ತಿರ ನಿಂತುಕೊಂಡು, "ಅಮ್ಮಾ, ಈಗ ಹೋಗೋಣ್ವಾ? ಈಗ?" ಎಂದು ಕೇಳಿಯೇ ಕೇಳಿದಳು. ಅಂದೇ ಆರ್ಡಿತ್ ತೀರ್ಮಾನಿಸಿದ್ದಳು, ಹೋದರೆ ಮನೆ ಸಮೇತ ಹೋಗಬೇಕು.

"ಚಿಕ್ಕಪ್ಪ, ನಮ್ಮನೆ ಲಾರಿ ಹಿಂದೆ ಓಡತ್ತಂತೆ!" ಟ್ವೈಲಾ ಕಿಟಕಿಯಿಂದ ತಲೆ ಹೊರಹಾಕಿದಳು.

"ಹೂಂ ಕಣೆ. ನಿನ್ನ ಸ್ಪೀಡಲ್ಲಿ ಅಲ್ಲ, ನನ್ನ ಸ್ಪೀಡಲ್ಲಿ. ಆಮೆ ತರ."

"ನೀನು ಆಮೆ ಅಲ್ಲ. ನಿಂಗೆ ಹೊಟ್ಟೆ ಇದೆ."

"ನೋಡಿದ್ರಾ ಅತ್ತಿಗೆ? ಬೆಳಗಿಂದ ದುಡೀತಿರೋದಕ್ಕೆ ಇದು ಕೂಲಿ!"

ನಗುತ್ತಲೇ ಲಾನಿ ತಿರುಪುಗಳನ್ನು ಬಿಚ್ಚಿದ. ಹಾಳೆಯ ಮೇಲಂಚು ಸಲೀಸಾಗಿ ಬಂತು. ತಳದ ಅಂಚು ಬರಲಿಲ್ಲ. ಬಗ್ಗಿ ನೋಡಿದರೆ ಆ ಅಂಚಿಗೆ ಉದ್ದಕ್ಕೂ ಬಿಳಿ ಅಂಟು ಮೆತ್ತಿತ್ತು. ಬಿರುಕು ಮುಚ್ಚಲು ಕೊಳವೆಯಿಂದ ಒತ್ತಿ ತೆಗೆಯುತ್ತಾರಲ್ಲ, ಆ ಅಂಟು. ಒಂದರ ಮೇಲೊಂದು ಪದರ, ವರ್ಷ ವರ್ಷದ್ದು. ಎಲ್ಲೂ ಸೊಟ್ಟಗಿರಲಿಲ್ಲ. ಒದ್ದೆ ಹೆಬ್ಬೆರಳಿನಿಂದ ನಯವಾಗಿ ಸವರಿದ್ದ ಗುರುತು ಉದ್ದಕ್ಕೂ ಇತ್ತು.

"ಇದನ್ಯಾರು ಮಾಡಿದ್ದು?" ಲಾನಿಯ ನಗು ನಿಂತಿತು. "ತಳದಲ್ಲಿ ಸಣ್ಣ ಸಣ್ಣ ತೂತು ಬಿಟ್ಟಿರ್ತಾರೆ ಅತ್ತಿಗೆ. ಒಳಗೆ ಇಳಿದ ನೀರು ಬಸಿದು ಹೋಗ್ಲಿ ಅಂತ. ಅಷ್ಟನ್ನೂ ಮುಚ್ಚಿಬಿಟ್ಟಿದಾರೆ."

ಯಾರೆಂದು ಆರ್ಡಿತ್‌ಗೆ ಗೊತ್ತಿತ್ತು.

ಟ್ವೈಲಾ ಚಿಕ್ಕವಳಿದ್ದಾಗ ಗಾಳಿ ಬೀಸಿದಾಗಲೆಲ್ಲ ಆ ತೂತುಗಳು ಸಿಳ್ಳೆ ಹಾಕುತ್ತಿದ್ದವು. "ಗೋಡೆ ಅಳ್ತಿದೆ, ಗೋಡೆ ಅಳ್ತಿದೆ," ಎಂದು ಹುಡುಗಿ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು. ಒಂದು ಶರತ್ಕಾಲದ ಸಂಜೆ ಹೋಬರ್ಟ್ ನೆಲದ ಮೇಲೆ ಅಂಗಾತ ಮಲಗಿ, ಒಂದೊಂದೇ ತೂತನ್ನು ಹುಡುಕಿ ಮುಚ್ಚಿದ್ದ. ಸಿಳ್ಳೆ ನಿಂತಿತ್ತು. ಅಲ್ಲಿಂದ ಮುಂದೆ ಪ್ರತಿ ವರ್ಷ ಎಲೆ ಉದುರಲು ಶುರುವಾದಾಗ ಅವನು ಹೋಗಿ ಎಲ್ಲಾದರೂ ಬಿರಿದಿದೆಯಾ ನೋಡಿ ಮತ್ತೆ ಸವರಿ ಬರುತ್ತಿದ್ದ. "ನಿನ್ನ ಗೋಡೆ ನಿದ್ದೆ ಮಾಡ್ತಿದೆ ಕಣೆ," ಅನ್ನುತ್ತಿದ್ದ ಮಗಳಿಗೆ. ಅವನು ಅಂಟು ಒತ್ತುವಾಗ ಆರ್ಡಿತ್ ಪಕ್ಕದಲ್ಲಿ ನಿಂತು ದೀಪ ಹಿಡಿದಿದ್ದಳು. ನೀರಿಗೂ ಒಂದು ದಾರಿ ಬೇಕು ಎನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ.

ಲಾನಿ ಚಾಕುವಿನಿಂದ ಅಂಟು ಸೀಳಿದ. ಕಂದು ನೀರು ಜಿನುಗಿತು. ಹಾಳೆ ಕೈಗೆ ಬಂದಾಗ ಚಳಿ ತಡೆಯಲು ಒಳಗೆ ತುಂಬಿದ್ದ ಗಾಜಿನ ನಾರು ಒದ್ದೆ ಕಂಬಳಿಯಂತೆ ಕೆಳಗೆ ಕುಸಿಯಿತು. ಅದರ ಹಿಂದಿನ ರೀಪುಗಳು ಕಪ್ಪಗಾಗಿದ್ದವು. ತಳದ ಮರವನ್ನು ಅವನು ಚಿವುಟಿದರೆ ಹಳಸಿದ ಕೇಕಿನ ಹಾಗೆ ಬೆರಳಿಗೆ ಬಂತು. ಇನ್ನೊಂದು ಹಾಳೆ ತೆಗೆದ, ಮತ್ತೊಂದು ತೆಗೆದ. ಮೂಲೆಯವರೆಗೂ ಅದೇ. ನೆಲ ಹೊತ್ತ ತೊಲೆಗಳ ತುದಿಯೂ ಅದೇ.

"ಹೊಸ ರೀಪು ಜೊತೆ ಕಟ್ಟಿದ್ರೆ?" ಆರ್ಡಿತ್ ಕೇಳಿದಳು.

"ಕಟ್ಟೋದು ಯಾವುದಕ್ಕೆ ಅತ್ತಿಗೆ? ಮೊಳೆ ಹಿಡಿಯೋಕೆ ಮರ ಬೇಕಲ್ಲ. ಇದು ನಿಂತಿರೋದೇ ಅಭ್ಯಾಸಬಲದಿಂದ."

ಒಳಗೆ ಬೀನ್ಸ್ ಹತ್ತಿದ ವಾಸನೆ ಬಂತು. ಆರ್ಡಿತ್ ಓಡಿಹೋಗಿ ಪಾತ್ರೆ ಇಳಿಸಿ ಬರುವಷ್ಟರಲ್ಲಿ ಲಾನಿ ಹೊಸ ತಗಡನ್ನು ಗೋಡೆಗೆ ಒರಗಿಸಿ ಅಳತೆ ನೋಡುತ್ತಿದ್ದ.

"ಮೇಲೆ ಗಟ್ಟಿಯಿದೆ. ಅಲ್ಲಿಗೆ ತಿರುಪು ಹೊಡೀತೀನಿ. ಕೆಳಗೆ ಒಂದು ಅಲಂಕಾರದ ಪಟ್ಟಿ," ಅಂದ ತಗ್ಗಿದ ದನಿಯಲ್ಲಿ. "ಟ್ಯಾಕೆಟ್ ಒಂದು ಸಲ ಕುಟ್ಟಿ ನೋಡ್ತಾನೆ, ಅಷ್ಟೆ. ಹತ್ತು ಮೈಲಿ ದಾರಿ. ನಮ್ಮ ಜಾಗಕ್ಕೆ ಬಂದ್ಮೇಲೆ ನಿಧಾನಕ್ಕೆ ಒಳಗಿಂದ ಕಟ್ಕೊಂಡು ಬರೋಣ."

"ದಾರೀಲಿ?"

"ದೇವರಿದಾನೆ."

ಆರ್ಡಿತ್ ಬೇಡ ಅನ್ನಲಿಲ್ಲ. ಸಂಜೆಯವರೆಗೆ ಅವನು ತಿರುಪು ಹೊಡೆದ, ಅವಳು ಹಾಳೆ ಹಿಡಿದಳು. ಬಣ್ಣವನ್ನು ಅವಳೇ ಬಳಿದಳು. ಮುಗಿದ ಮೇಲೆ ನೋಡಿದರೆ ಇಡೀ ವಠಾರದಲ್ಲಿ ಅಷ್ಟು ಚೆಂದದ ಗೋಡೆ ಇನ್ನೊಂದಿರಲಿಲ್ಲ.

ಮರುದಿನ ಬೆಳಿಗ್ಗೆ ಟ್ಯಾಕೆಟ್ ಬಂದ. ಜೊತೆಗೆ ಸಣ್ಣ ಕಾರಿನಲ್ಲಿ ಕಿತ್ತಳೆ ಬಣ್ಣದ ಕೋಟು ತೊಟ್ಟ ಒಬ್ಬಳು ತೆಳ್ಳನೆ ಹುಡುಗಿ. ಅವನು ಅಡಿಯ ಕಬ್ಬಿಣ ನೋಡಿದ, ಗಾಲಿ ನೋಡಿದ, ಹಿಂದೆ ಬಂದು ಎದೆಮಟ್ಟದಲ್ಲಿ ಎರಡು ಸಲ ಕುಟ್ಟಿದ.

"ಪರವಾಗಿಲ್ವೇ! ಯಾರ ಕೈಕೆಲಸ?"

"ನಂದೇ," ಅಂದ ಲಾನಿ, ಕಾಲ ಬಳಿಯ ಹುಲ್ಲನ್ನು ನೋಡುತ್ತ.

"ನಿಮ್ಮ ಹೊಟ್ಟೆ ನೋಡಿದ್ರೆ ಬಗ್ಗಿ ಕೆಲಸ ಮಾಡ್ತೀರಿ ಅನ್ಸಲ್ಲ," ಎಂದು ಟ್ಯಾಕೆಟ್ ನಕ್ಕ. "ಸರಿ ಅಮ್ಮಾ, ಇವತ್ತೇ ಕಟ್ಟೋಣ. ಗುಡ್ಡದ ತಿರುವಿನಲ್ಲಿ ಮಾತ್ರ ಇದು ಸ್ವಲ್ಪ ಮೈ ಮುರಿಯತ್ತೆ. ಹಿಂದಿನ ಗಾಡಿಯವರಿಗೆ ಎಚ್ಚರಿಕೆ ಇರ್ಲಿ ಅಂತ ಹಿಂದುಗಡೆ ನನ್ನ ಮಗಳು ಬಾವುಟ ಕಟ್ಕೊಂಡು ಕಾರಲ್ಲಿ ಬರ್ತಾಳೆ. ಹೋದ ತಿಂಗಳು ಲೈಸೆನ್ಸ್ ಆಯ್ತು. ನನಗಿಂತ ಚೆನ್ನಾಗಿ ಓಡಿಸ್ತಾಳೆ, ಆದ್ರೆ ಅದನ್ನ ಅವಳ ಮುಂದೆ ಹೇಳ್ಬೇಡಿ."

ಆ ಹುಡುಗಿ ಕಾರಿನ ಕನ್ನಡಿಯಲ್ಲಿ ನೋಡಿಕೊಂಡು ಜುಟ್ಟು ಸರಿಮಾಡಿಕೊಳ್ಳುತ್ತಿದ್ದಳು. ಆರ್ಡಿತ್ ಅವಳನ್ನು ನೋಡಿದಳು. ಆಮೇಲೆ ಆ ಚೆಂದದ ಗೋಡೆಯನ್ನು ನೋಡಿದಳು. ತಿರುವಿನಲ್ಲಿ ಆ ಮೂಲೆ ಬಿಚ್ಚಿಕೊಂಡರೆ, ಮಂಚ, ತೊಲೆ, ತಗಡು ಎಲ್ಲ ಬೀಳುವುದು ಎಲ್ಲಿಗೆ ಎಂದು ಯಾರೂ ಅವಳಿಗೆ ಹೇಳಬೇಕಿರಲಿಲ್ಲ.

"ಟ್ಯಾಕೆಟ್ ಅವರೇ, ಕೆಳಗೆ ಚುಚ್ಚಿ ನೋಡಿ," ಅಂದಳು.

"ಅತ್ತಿಗೆ!" ಅಂದ ಲಾನಿ.

"ಆ ಪಟ್ಟಿ ತೆಗೆದು ಚುಚ್ಚಿ."

ಟ್ಯಾಕೆಟ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮೊಣಕಾಲೂರಿದ. ಅದು ಹಿಡಿಯವರೆಗೂ ಸದ್ದಿಲ್ಲದೆ ಒಳಗೆ ಹೋಯಿತು. ಅವನು ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡು ಮಗಳ ಕಾರಿನ ಕಡೆ ಒಮ್ಮೆ ತಿರುಗಿ ನೋಡಿದ.

"ಇದು ಹೊರಡಲ್ಲಮ್ಮ," ಅಂದ. "ಇಲ್ಲೇ ಕೆಡವೋದು."

ಅವರ ಗಾಡಿಗಳು ವಠಾರ ದಾಟುವವರೆಗೂ ಲಾನಿ ಹುಲ್ಲಿನಲ್ಲಿ ಬಿದ್ದಿದ್ದ ತಿರುಪುಗಳನ್ನು ಹೆಕ್ಕುತ್ತಿದ್ದ. ಆಮೇಲೆ, "ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು," ಅಂದ. ಅಂದವನೇ ಅತ್ತಿಗೆಯ ಮುಖ ನೋಡಿ ಮೆತ್ತಗಾಗಿ, "ಅವಳಿಗೆ ನಾನು ಹೇಳ್ಲಾ?" ಎಂದು ಕೇಳಿದ.

"ಬೇಡ. ನಾನೇ ಹೇಳ್ತೀನಿ."

ಟ್ವೈಲಾ ತನ್ನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಗೊಂಬೆಗಳನ್ನೆಲ್ಲ ದುಪ್ಪಟಿಯಲ್ಲಿ ಸುತ್ತಿ ಗಂಟು ಹಾಕಿದ್ದಳು. ನೀರಿನ ಲೋಟ ಒಡೆಯದಿರಲಿ ಎಂದು ಅದರೊಳಗೆ ಕಾಲುಚೀಲ ತುರುಕಿದ್ದಳು. ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ಎರಡೂ ಕೈಗಳಿಂದ ಕಿಟಕಿಯ ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಕಣ್ಣು ಮುಚ್ಚಿತ್ತು.

"ಅಮ್ಮಾ, ಹೊರಟ್ವಾ?"

ಆರ್ಡಿತ್ ಪಕ್ಕದಲ್ಲಿ ಕೂತಳು. "ಇಲ್ಲ ಪುಟ್ಟಿ. ಮನೆ ಬರಲ್ಲ. ನಾವಿಬ್ರೇ ಹೋಗೋದು."

"ಯಾಕೆ?"

"ಗೋಡೆ ಒಳಗಡೆ ಕೊಳೆತುಹೋಗಿದೆ. ದಾರೀಲಿ ಮುರಿದುಹೋಗತ್ತೆ."

ಟ್ವೈಲಾ ಕಣ್ಣು ತೆರೆದಳು. "ಯಾರು ಮಾಡಿದ್ದು?"

ಹೋಬರ್ಟನ ಹೆಸರು ಆರ್ಡಿತ್‌ಳ ಬಾಯಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

"ನೀರು ಕಣೆ. ನೀರು ಮಾಡಿದ್ದು."

"ಅಪ್ಪ ಇದ್ದಿದ್ರೆ ನೀರನ್ನ ಬಿಡ್ತಾನೇ ಇರ್ಲಿಲ್ಲ."

"ಹೌದು," ಅಂದಳು ಆರ್ಡಿತ್. "ಬಿಡ್ತಾನೇ ಇರ್ಲಿಲ್ಲ."

ಟ್ವೈಲಾ ಚೌಕಟ್ಟಿನಿಂದ ಕೈ ತೆಗೆಯಲಿಲ್ಲ. ಬೆರಳುಗಳು ಬೆಳ್ಳಗಾಗಿದ್ದವು. ಬಿಡಿಸಬೇಕೆಂದು ತಾಯಿ ಕೈ ಚಾಚಿದಳು, ಆದರೆ ಬಿಡಿಸಲಿಲ್ಲ.

"ನಾನು ಇನ್ನೂ ಸ್ವಲ್ಪ ಹೊತ್ತು ಹಿಡ್ಕೊಂಡಿರ್ತೀನಿ ಅಮ್ಮಾ."

"ಹಿಡ್ಕೊ ಕಂದ," ಅಂದಳು.