ಮೇಲೆ ಒಣಗಿತ್ತು, ಒಳಗೆ ಬೆಂದಿತ್ತು

ಗಾದಿಗನೂರಿನ ನಮ್ಮ ಓಣಿಯಲ್ಲಿ ಬಟ್ಟೆ ಒಣಹಾಕುವುದೇ ಒಂದು ದೊಡ್ಡ ಗೋಳು. ಬೆಳಿಗ್ಗೆ ಬೆಳ್ಳಗೆ ತೊಳೆದು ಹಗ್ಗಕ್ಕೆ ಹಾಕಿದ್ದು ಮಧ್ಯಾಹ್ನಕ್ಕೆ ಕೆಂಪಾಗಿರುತ್ತದೆ. ಅದಿರು ಲಾರಿಗಳ ಧೂಳು. ದೊಡ್ಡವರ ಬಟ್ಟೆಯಾದರೆ ಝಾಡಿಸಿ ಉಟ್ಟುಕೊಳ್ಳಬಹುದು. ಕೂಸಿನ ಲಂಗೋಟಿಗೆ ಏನು ಮಾಡುವುದು?

ನಮ್ಮ ಓಣಿಯ ಹೊಳೆಮ್ಮನ ಮನೆಗೆ ಡೈಪರ್ ಬಂದದ್ದು ಈ ಧೂಳಿನಿಂದಲೇ, ಶೋಕಿಗಲ್ಲ. ಮೊಮ್ಮಗಳು ಹುಲಿಗೆಮ್ಮನಿಗೆ ಆಗ ಏಳು ತಿಂಗಳು. ಹಳೆ ಹತ್ತಿ ಸೀರೆ ಹರಿದು ಮಾಡಿದ ಲಂಗೋಟಿಗಳು ಧೂಳು ಕೂತು ಒರಟಾಗಿ, ಕೂಸಿನ ತೊಡೆಸಂದಿ ಕೆಂಪಾಗಿತ್ತು. ಮಗ ಹೊನ್ನೂರುಸ್ವಾಮಿ ಹೊಸಪೇಟೆಯಿಂದ ಡೈಪರಿನ ದೊಡ್ಡ ಪ್ಯಾಕೆಟ್ ತಂದ. ಸೊಸೆ ಗಾಯತ್ರಿ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವಳು. ಬೆಳಿಗ್ಗೆ ಏಳಕ್ಕೆ ಡೈಪರ್ ಹಾಕಿ ಹೋದರೆ, ಸಂಜೆ ಆರಕ್ಕೆ ಬಂದು ಬಿಚ್ಚುವವಳೂ ಅವಳೇ.

ನಡುವೆ ಹೊಳೆಮ್ಮ ಬಿಚ್ಚುತ್ತಿರಲಿಲ್ಲ. ಮೇಲಿನಿಂದ ಕೈಯಿಟ್ಟು ನೋಡುತ್ತಿದ್ದಳು. ಕೈಗೆ ಹಸಿ ಹತ್ತುತ್ತಿರಲಿಲ್ಲ. ಕೂಸು ಉಚ್ಚೆ ಹೊಯ್ದರೆ ಲಂಗೋಟಿ ಒದ್ದೆಯಾಗುವುದನ್ನು ನೋಡಿ ಬೆಳೆದ ಕೈ ಅದು. ಒದ್ದೆ ಇಲ್ಲವೆಂದರೆ ಕೂಸು ಸುಖವಾಗಿದೆ ಎಂದೇ ಅದರ ಲೆಕ್ಕ.

ನಾನು ಈ ಊರಿನ ಆಶಾ ಕಾರ್ಯಕರ್ತೆ ಭೀಮಮ್ಮ. ನನ್ನ ತಪ್ಪನ್ನೂ ಈಗಲೇ ಹೇಳಿಬಿಡುತ್ತೇನೆ. ಆ ಮನೆಯ ಗೂಟಕ್ಕೆ ನೇತುಹಾಕಿದ್ದ ಪ್ಯಾಕೆಟ್ ನೋಡಿ, "ನಿಮ್ಮ ಕೂಸಿಂದು ಮಸ್ತ್ ಐತಿ ಬಿಡು ದೊಡ್ಡವ್ವ, ಸಾವುಕಾರ್ರ ಮನಿ ಕೂಸಿನಂಗ" ಎಂದು ನಗೆಯಾಡಿ ಹೋಗಿದ್ದೆ. ಎಷ್ಟು ತಾಸಿಗೆ ಬದಲಿಸುತ್ತೀರಿ ಎಂದು ಕೇಳಲಿಲ್ಲ. ಕೇಳಬೇಕಾದದ್ದು ನನ್ನ ಕೆಲಸವಾಗಿತ್ತು.

ಹುಲಿಗೆಮ್ಮನಿಗೆ ಒಂಬತ್ತು ತಿಂಗಳು ತುಂಬಿತು. ದಡಾರದ ಚುಚ್ಚುಮದ್ದು ಹಾಕಿಸಲು ಬನ್ನಿ ಎಂದು ಹೇಳಲು ಹೋದೆ. ಕೂಸು ತೊಟ್ಟಿಲಲ್ಲಿ ಮುಲುಗುತ್ತಿತ್ತು. ಗಾಯತ್ರಿ ಅಂದು ಕೆಲಸಕ್ಕೆ ಹೋಗದೆ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಊದಿದ್ದವು.

"ಏನಾತವಾ?" ಎಂದೆ.

ಉತ್ತರ ಬಂದದ್ದು ಹೊಳೆಮ್ಮನಿಂದ. "ಏನಾತು ಅಂತ ಆಕಿನ್ನೇ ಕೇಳು. ಹಿತ್ತಲದಾಗ ಡೈಪರ್ ಗುಡ್ಡಿ ಹಾಕಿ ಬೆಂಕಿ ಹಚ್ಚ್ಯಾಳ. ಕೂಸಿನ ಹೇಲುಚ್ಚಿ ಸುಟ್ರ ಕೂಸಿನ ಮೈ ಸುಡತೈತಿ ಅಂತ ನಮ್ಮವ್ವನ ಕಾಲದಿಂದ ಹೇಳ್ಕೋತ ಬಂದಾರ. ಕೇಳಿದ್ಲಾ? ಮರುದಿನಾನ ಕೂಸಿಗೆ ಉರಿ ಹತ್ತಿತು!"

"ಕಸದ ಗಾಡಿಯವ್ರು ಒಯ್ಯಲಿಲ್ಲಕ್ಕಾ, ನಾಯಿ ಎಳದಾಡತಿದ್ವು. ಅದಕ್ಕ ಸುಟ್ಟೆ" ಎಂದಳು ಗಾಯತ್ರಿ. "ಮೂರು ದಿನದಿಂದ ಅತ್ತಿ ನನ್ನ ಕೈಗೆ ಕೂಸು ಕೊಡವಲ್ರು. ಹಾಲು ಕುಡಿಸಾಕ ಅಷ್ಟ ಕೊಡ್ತಾರ."

ಕೂಸಿನ ಹಣೆ ಮುಟ್ಟಿದೆ. ಕೆಂಡ. ಡೈಪರ್ ಬಿಚ್ಚಿದೆ. ಆ ವಾಸನೆಗೆ ನಾನೇ ಮುಖ ತಿರುಗಿಸಿದೆ. ತೊಡೆಸಂದಿಯ ಚರ್ಮ ಸುಲಿದು ಕೀವು ಜಿನುಗುತ್ತಿತ್ತು. ಅದರ ಮೇಲೆ ವಿಭೂತಿಯ ಬಿಳಿ ಪದರ. ಉರಿ ಇಳಿಯಲೆಂದು ಹೊಳೆಮ್ಮ ಮೂರು ದಿನ ವಿಭೂತಿ ಕಲಸಿ ಹಚ್ಚಿದ್ದಳು. ಹಚ್ಚಿ, ಅದರ ಮೇಲೆ ಮತ್ತೆ ಡೈಪರ್ ಬಿಗಿದಿದ್ದಳು.

"ಆಟೋ ಕರೀರಿ, ಜಲ್ದಿ" ಎಂದೆ. ಬೇರೆ ಮಾತಾಡುವ ತಾಳ್ಮೆ ನನಗಿರಲಿಲ್ಲ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಕೂಸು ಒಂಬತ್ತು ದಿನ ಮಲಗಿತು. ಕೈಗೆ ಸೂಜಿ, ತೊಡೆಗೆ ಔಷಧ. ಗಾಯ ತೊಳೆಯುವಾಗ ಅದು ಅತ್ತ ಅಳು ವಾರ್ಡಿನ ಆಚೆಗೂ ಕೇಳುತ್ತಿತ್ತು. ಡಾಕ್ಟರಮ್ಮ ಹೇಳಿದ್ದು ಇಷ್ಟೇ: ಹೇಲು, ಉಚ್ಚೆ, ಬೆವರು ಗಾಳಿಯಿಲ್ಲದೆ ದಿನವಿಡೀ ಚರ್ಮಕ್ಕೆ ಅಂಟಿ, ಚರ್ಮ ಬೆಂದು, ಗಾಯಕ್ಕೆ ನಂಜಾಗಿದೆ. ಇನ್ನೆರಡು ದಿನ ತಡವಾಗಿದ್ದರೆ ನಂಜು ರಕ್ತಕ್ಕೆ ಹೋಗುತ್ತಿತ್ತು.

ಕೂಸನ್ನು ಮನೆಗೆ ಕಳಿಸುವ ದಿನ ಆಸ್ಪತ್ರೆಯ ಜಗುಲಿಯಲ್ಲಿ ಹೊಳೆಮ್ಮ ನನ್ನನ್ನು ಹಿಡಿದು ನಿಲ್ಲಿಸಿದಳು. "ಅಂದ್ರ ಸುಟ್ಟಿದ್ದಕ್ಕ ಆಗಿಲ್ಲಾ?"

"ಪ್ಲಾಸ್ಟಿಕ್ ಸುಡಬಾರದು ದೊಡ್ಡವ್ವ, ಹೊಗಿ ಕೆಟ್ಟದ್ದು. ಆದ್ರ ಹಿತ್ತಲದಾಗಿನ ಬೆಂಕಿ ತೊಟ್ಲಾಗಿನ ಕೂಸಿನ ಮೈಗೆ ಹೆಂಗ ಬರತೈತಿ? ಹನ್ನೊಂದು ತಾಸು ಒಂದ ಡೈಪರ್ ಹಾಕಿದ್ರಿ."

"ಮುಟ್ಟಿದ್ರ ಒಣಗಿತ್ತಲ್ಲ!"

"ಹೊರಗಿನ ಪದರ ಪ್ಲಾಸ್ಟಿಕ್ಕಿಂದು. ಹಸಿ ಹೊರಗ ಬರಂಗಿಲ್ಲ, ಗಾಳಿ ಒಳಗ ಹೋಗಂಗಿಲ್ಲ. ಮೇಲೆ ಮುಟ್ಟಿದ್ರ ಏನು ತಿಳೀತೈತಿ?"

ಹೊಳೆಮ್ಮ ಬಿಡುವವಳಲ್ಲ. "ಅರಬಿ ಲಂಗೋಟಿ ಕಟ್ಟಿದಾಗೂ ಕೆಂಪಾಗಿತ್ತಲ್ಲ? ಆಗ ಪ್ಲಾಸ್ಟಿಕ್ ಎಲ್ಲಿತ್ತು?"

"ಅದು ಹತ್ತಿ ತಪ್ಪಲ್ಲ, ಧೂಳಿನ ತಪ್ಪು. ಲಂಗೋಟಿ ಸೋಪಿನಾಗ ತೊಳದು, ಸೋಪು ಪೂರಾ ಹೋಗಂಗ ಎರಡು ಸಲ ನೀರಾಗ ಜಾಲಿಸ್ರಿ. ಹಗ್ಗಕ್ಕ ಹಾಕಿ ಮ್ಯಾಲೊಂದು ತೆಳು ಸೀರಿ ಹೊದಿಸ್ರಿ. ಬಿಸಲು ಒಳಗ ಇಳೀತೈತಿ, ಧೂಳು ಸೀರಿ ಮ್ಯಾಲೆ ಕುಂದರತೈತಿ."

"ದಿನಾ ಹತ್ತು ಹನ್ನೆರಡು ಲಂಗೋಟಿ. ತೊಳಿಯೋರು ಯಾರು? ನನ್ನ ಮಣಕಾಲು ಬಗ್ಗಂಗಿಲ್ಲ. ಆಕಿ ದುಡಿಯಾಕ ಹೊಕ್ಕಾಳ."

ಹೊನ್ನೂರುಸ್ವಾಮಿ ಅಲ್ಲೇ ಕಂಬಕ್ಕೆ ಒರಗಿದ್ದ. ಒಂಬತ್ತು ದಿನದಲ್ಲಿ ಅವನು ಬಾಯಿ ಬಿಟ್ಟದ್ದು ಅಂದೇ. "ನಾ ತೊಳೀತೀನಿ" ಎಂದ. ಎರಡು ತಿಂಗಳು ಮೊದಲೇ ಅನ್ನಬಾರದಿತ್ತೆ ಎಂದು ನನ್ನ ನಾಲಿಗೆ ತುದಿಗೆ ಬಂದಿತ್ತು.

"ಊರಿಗೆ, ದವಾಖಾನಿಗೆ ಹೋಗುವಾಗ ಏನು ಮಾಡೂದು?" ಎಂದು ಅವನೇ ಕೇಳಿದ.

ಕಂಪ್ಲಿ ಕಡೆಯ ಒಂದು ಸ್ವಸಹಾಯ ಸಂಘದ ಹೆಂಗಸರು ಹೊಲಿದ ಡೈಪರ್ ನನ್ನ ಚೀಲದಲ್ಲಿತ್ತು. ತೆಗೆದು ತೋರಿಸಿದೆ. ಮೈಗೆ ತಾಗುವ ಕಡೆ ಮೆತ್ತನೆಯ ಹತ್ತಿ ಬಟ್ಟೆ. ಒಳಗೆ ಹಸಿ ಹೀರಲು ಬಾಳೆದಿಂಡಿನ ನಾರನ್ನು ಬಡಿದು ಹದ ಮಾಡಿ ತುಂಬಿದ ದಿಂಬು. ಕೊಳೆಯಾದ ದಿಂಬನ್ನು ತೆಗೆದು ಗುಂಡಿಯಲ್ಲಿ ಹೂಳಿದರೆ ಮಣ್ಣಾಗುತ್ತದೆ. ಹತ್ತಿ ಬಟ್ಟೆಯನ್ನು ತೊಳೆದು ಮತ್ತೆ ಹಾಕಬಹುದು.

ಹೊಳೆಮ್ಮ ಅದನ್ನು ಕೆನ್ನೆಗೆ ಒತ್ತಿ ನೋಡಿದಳು. "ಮೆತ್ತಗೈತಿ. ಇದಾದ್ರ ದಿನಾಪೂರ್ತಿ ಹಾಕಬಹುದನು?"

ನನಗೆ ಸಿಟ್ಟು ಬಂತು. "ಬ್ಯಾಡ! ಹತ್ತಿ ಇರಲಿ, ಬಾಳಿ ನಾರಿರಲಿ, ಎರಡು-ಮೂರು ತಾಸಿಗೆ ಬಿಚ್ಚಬೇಕು. ಹೇತ್ರ ಆ ಕ್ಷಣಾನ ಬಿಚ್ಚಬೇಕು. ಇದು ಗಾಳಿಯಾಡತೈತಿ, ಹಸಿಯಾದ್ರ ಕೈಗೆ ಗೊತ್ತಾಗತೈತಿ. ಅದಕ್ಕ ಇದು ಚಲೋ. ಇದೇನು ಮಂತ್ರದ ಬಟ್ಟಿ ಅಲ್ಲ."

ಅವಳು ತಲೆಯಾಡಿಸಿದಳು. ಒಪ್ಪಿದಳು. ಈಗ ಅವರ ಮನೆಯ ಹಗ್ಗದಲ್ಲಿ ಹನ್ನೆರಡು ಲಂಗೋಟಿಗಳು ಸೀರೆಯ ಮರೆಯಲ್ಲಿ ಒಣಗುತ್ತವೆ. ಕಂಪ್ಲಿಯ ಡೈಪರ್ ಊರಿಗೆ ಹೋಗುವಾಗ ಮಾತ್ರ. ಆದರೆ ಸೊಸೆಯ ಮೇಲೆ ಹೊರಿಸಿದ ಮಾತನ್ನು ಹೊಳೆಮ್ಮ ಇವತ್ತಿನವರೆಗೂ ವಾಪಸು ತೆಗೆದುಕೊಂಡಿಲ್ಲ. ತನ್ನ ಕೂಸನ್ನು ತಾನೇ ಸುಟ್ಟವಳು ಎಂದು ಓಣಿಯವರಿಂದ ಅನ್ನಿಸಿಕೊಂಡ ಗಾಯತ್ರಿ, ನಲ್ಲಿ ನೀರಿಗೆ ಹೋದರೂ ತಲೆ ಎತ್ತುವುದಿಲ್ಲ.

ಮೊನ್ನೆ ತೂಕ ಮಾಡಲು ಹೋಗಿದ್ದೆ. ಹುಲಿಗೆಮ್ಮನ ಗಾಯ ಪೂರ್ತಿ ಮಾಗಿದೆ. ಕೂಸು ನನ್ನನ್ನು ನೋಡಿ ನಕ್ಕಿತು. ಲಂಗೋಟಿ ಬದಲಿಸಲೆಂದು ಗಾಯತ್ರಿ ಅದರ ಸೊಂಟಕ್ಕೆ ಕೈಹಾಕಿದಳು. ಕೂಸು ಎರಡೂ ತೊಡೆ ಬಿಗಿಹಿಡಿದು, ಉಸಿರುಗಟ್ಟಿ ಚೀರಿತು. ಮುಟ್ಟಿದರೆ ನೋಯುತ್ತದೆ ಎಂಬುದನ್ನು ಅದು ಮರೆತಿಲ್ಲ. ಮುಟ್ಟಿದ್ದು ಹೆತ್ತ ತಾಯಿಯ ಕೈ.

"ಈಗ ನೋವಿಲ್ಲವಾ, ನೋವಿಲ್ಲ ನನ್ನವ್ವ" ಎನ್ನುತ್ತ ಗಾಯತ್ರಿ ತಾನೂ ಅಳುತ್ತಿದ್ದಳು. ಈ ಅಳುವಿಗೆ ನನ್ನ ಔಷಧದ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ.

ತಾಯಂದಿರೇ, ತಂದೆಯರೇ, ಅಜ್ಜಿಯರೇ, ಕೂಸಿನ ಮೈಗೆ ತಾಗುವ ಬಟ್ಟೆ ಹತ್ತಿಯದಿರಲಿ. ಡೈಪರ್ ಕೊಳ್ಳುವುದಾದರೆ ಮೈಗೆ ತಾಗುವ ಪದರ ಯಾವುದರದ್ದು ಎಂದು ಅಂಗಡಿಯವನನ್ನು ಕೇಳಿ. ಯಾವುದನ್ನೇ ಹಾಕಿ, ಎರಡು-ಮೂರು ತಾಸಿಗೆ ಬಿಚ್ಚಿ, ನೀರಿನಿಂದ ತೊಳೆದು, ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಚರ್ಮ ಸುಲಿದರೆ, ಜ್ವರ ಬಂದರೆ ಏನನ್ನೂ ಹಚ್ಚದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರ ತಪ್ಪು ಎಂಬ ಜಗಳ ಆಮೇಲೆ ಆಡಬಹುದು.

ಇದನ್ನು ಓದುವ ಹೊತ್ತಿಗೆ ನಿಮ್ಮ ಮನೆಯ ಕೂಸು ಡೈಪರ್ ಹಾಕಿಕೊಂಡು ಮಲಗಿದೆಯೇ? ಈ ಕಾಗದ ಕೆಳಗಿಡಿ. ಎದ್ದು ಹೋಗಿ, ಬಿಚ್ಚಿ ನೋಡಿ.