ಅಟ್ಟಕ್ಕೆ ಗಾಳಿ

“ಅಕ್ಕಾ, ಹಾಸಿಗೆ ಸುತ್ತಿ ಕೆಳಗೆ ಎಸಿ, ಬೇಗ! ಬಂದೇಬಿಟ್ರು,” ಎಂದು ತಮ್ಮ ಮೆಟ್ಟಿಲ ಬುಡದಿಂದ ಪಿಸುಗುಟ್ಟಿದ. ಅಟ್ಟದ ತಪಾಸಣೆಗೆ ಬಂದ ಪುರಸಭೆಯ ಇಂಜಿನಿಯರು ಆಗಲೇ ಬಾಗಿಲಲ್ಲಿ ಶೂ ಒರೆಸುತ್ತಿದ್ದರು. ಅಕ್ಕ ಹಾಸಿಗೆ ಎಸೆದು ಅಟ್ಟದ ಮೂಲೆಗೆ ಸರಿದು ನಿಂತಳು.

ಅಪ್ಪ ತೀರಿಕೊಂಡ ವರ್ಷ ಅವಳು ಮನೆಯಲ್ಲಿನ ತನ್ನ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟಿದ್ದಳು. ಅಟ್ಟವನ್ನು ಅಕ್ಕನಿಗೆ ರೂಮು ಮಾಡಿಸಿಕೊಡುವ ಮಾತಾಗಿತ್ತು. ಮಾಡಿಸಿದ್ದೇನೋ ನಿಜ. ಹೆಂಚಿನಡಿ ಹಲಗೆ ಹೊಡೆಸಿದ, ಧೂಳು ಬರುತ್ತದೆಂದು ಸೂರಿನ ಸಂದಿಗೆಲ್ಲ ಥರ್ಮಾಕೋಲ್ ತುರುಕಿಸಿದ. “ಗಾಳಿ ಹೋಗಿಬರೋಕೆ ಸೂರಲ್ಲೊಂದು, ಮೇಲೊಂದು ಕಿಂಡಿ ಬಿಡಿ,” ಎಂದ ಬಡಗಿಗೆ ದುಡ್ಡು ದಂಡವೆಂದು ಬೈಗುಳ ಸಿಕ್ಕಿತು. ಈಗ ಹಗಲೆಲ್ಲ ಅಟ್ಟ ಕಾದ ಕಾವಲಿ. ಬೆಳಗಿನ ಜಾವ ಮೊಳೆಯ ತುದಿಯಿಂದ ನೀರು ಮುಖಕ್ಕೇ ತೊಟ್ಟಿಕ್ಕುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವಳು ಸುಮ್ಮನಿದ್ದಳು.

ಮೇಲೆ ಹತ್ತಿ ಬಂದ ಇಂಜಿನಿಯರು ಬೂಷ್ಟು ಹಿಡಿದ ಹಲಗೆಯನ್ನು ಉಗುರಿನಿಂದ ಕೆರೆದರು. “ಗಾಳಿಗೆ ದಾರಿನೇ ಇಲ್ವಲ್ರೀ. ಸಾಮಾನು ಮಾತ್ರ ಇದ್ರೆ ಇಷ್ಟು ತೇವ ಕೂರಲ್ಲ. ಉಸಿರಾಡೋರು ಯಾರೋ ಇದಾರೆ. ಮಲಗ್ತಾರಾ ಇಲ್ಲಿ? ಹಾಗಿದ್ರೆ ಹೆಂಚು ಬಿಚ್ಚಿ ಕಿಂಡಿ ಇಡಿಸ್ಲೇಬೇಕು.”

“ಅಯ್ಯೋ, ಎಲ್ಲಿ ಸಾರ್! ಬರೀ ಸಾಮಾನಿಗೆ,” ತಮ್ಮ ಹಲ್ಲುಗಿಂಜಿದ.

ಇಂಜಿನಿಯರು ಅಕ್ಕನ ಕಡೆ ತಿರುಗಿದರು. “ನೀವು ಹೇಳಿಯಮ್ಮ.”

ಹೂಂ ಎಂದರೆ ಸಾಕು, ಗಾಳಿ ಬರುತ್ತದೆ. ಆದರೆ ತಮ್ಮನ ಹೆಂಡತಿ ಮೆಟ್ಟಿಲ ಮೇಲೆ ನಿಂತು ಅವಳ ಬಾಯನ್ನೇ ನೋಡುತ್ತಿದ್ದಳು. ಈ ಮನೆಯಲ್ಲಿ ಕಿಂಡಿ ಇಡಿಸುವುದಕ್ಕಿಂತ ಅಕ್ಕನನ್ನು ಆಚೆ ಕಳಿಸುವುದು ಸುಲಭ. ಅವಳೇ ಎತ್ತಿ ಆಡಿಸಿದ ತಮ್ಮ ನೆಲ ನೋಡುತ್ತ ನಿಂತಿದ್ದ.

“ಯಾರೂ ಇಲ್ಲ ಸಾರ್,” ಎಂದಳು.

ಅವರು ಅವಳನ್ನೇ ಒಂದು ಗಳಿಗೆ ನೋಡಿದರು. “ಸರಿ ಹಾಗಾದ್ರೆ, ಕಿಂಡಿ ಬೇಡ. ಇನ್ನೊಂದ್ಸಲ ಬರ್ತೀನಿ, ಆಗ ಸಾಮಾನೇ ಇರ್ಬೇಕು.”

ಅವರು ಅತ್ತ ಹೋದದ್ದೇ ತಡ, ತಮ್ಮನಿಗೆ ಬೀಸುವ ದೊಣ್ಣೆ ತಪ್ಪಿದ ಹುರುಪು. ಮುರುಕು ಕುರ್ಚಿ, ಹಳೆಯ ಕಪಾಟು, ಪೆಟ್ಟಿಗೆಗಳನ್ನೆಲ್ಲ ಮೆಟ್ಟಿಲ ಬಳಿ ತಂದು ರಾಶಿ ಹಾಕಿದ.

“ಬದುಕಿಸ್ದೆ ಅಕ್ಕಾ! ಬಾ, ಕೈ ಹಾಕು. ಮೇಲೆ ಹಾಕ್ಬಿಡೋಣ.”

“ಇಷ್ಟೆಲ್ಲ ತುಂಬಿದ್ರೆ ನಾನೆಲ್ಲಿ ಮಲಗ್ಲಿ?”

“ನೀನೇ ಅಂದ್ಯಲ್ಲ, ಯಾರೂ ಇಲ್ಲ ಅಂತ!” ತಮ್ಮ ತಮಾಷೆಗೆಂದೇ ನಕ್ಕ. ಅವನ ಹೆಂಡತಿಯೂ ನಕ್ಕಳು.

ಕಪಾಟು ಭಾರವಾಗಿತ್ತು. ಅಕ್ಕ ಅದರ ಒಂದು ತುದಿ ಹಿಡಿದು, ಹಿಂದಡಿಯಿಡುತ್ತ ಮೆಟ್ಟಿಲು ಹತ್ತತೊಡಗಿದಳು.