ಇರುವೆಗೆ ಬಿಟ್ಟ ದಾರಿ

ತಟ್ಟೆಯ ಸುತ್ತ ನೀರು ಹರಿಯುತ್ತಿದೆ, ಬಲಗೈಯ ಬೆರಳಂಚಿನಿಂದ, ಪ್ರದಕ್ಷಿಣೆಯಾಗಿ, ಉಪನಯನದಂದು ಹರಿದಂತೆಯೇ — ಕೊನೆಯಲ್ಲಿ ಹೆಬ್ಬೆರಳಿನಷ್ಟು ತೆರಪು, ತಟ್ಟೆಯ ಬದಿಗಿಡುವ ಚಿತ್ರಾಹುತಿಯ ಅಗುಳಿಗೆ ಇರುವೆ ಬರಲೆಂದು ಬಿಟ್ಟ ದಾರಿ, ಅಜ್ಜನ ರೂಢಿ, ಬೇರಾವ ಮನೆಯಲ್ಲೂ ಗೋಪಾಲಾಚಾರ್ಯರು ಇದನ್ನು ಕಂಡದ್ದಿಲ್ಲ; ಕಂಡದ್ದಿಲ್ಲ, ಆದರೆ ಓದಿದ್ದಾರೆ, ಇಂದು ಬೆಳಿಗ್ಗೆಯೇ, ಗ್ರೀಕಿನಲ್ಲಿ. ಕೈ ನಿಂತಿತು. ಶಿಷ್ಯ ಧ್ರುವ ತಂದುಕೊಟ್ಟ ಆ ಪಪೈರಸ್ ಹಾಳೆಯ ಚೂರು, ಹಳೆಯ ಸಾಮಾನಿನವನ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ, ಮುದುಕನೊಬ್ಬ ರೊಟ್ಟಿಯ ಸುತ್ತ ನೀರೆಳೆದು ಇರುವೆಗಳಿಗೆ ಬಾಗಿಲು ಬಿಟ್ಟನೆಂದು ಅದರಲ್ಲಿ; ಛಂದಸ್ಸು ನಿರ್ದೋಷ, ಲಿಪಿ ನಿರ್ದೋಷ, ಓದುತ್ತ ಕಣ್ಣು ತುಂಬಿತ್ತಲ್ಲ, ಗ್ರೀಕರ ಊಟವೂ ವೈದಿಕರ ಊಟವೂ ಒಂದೇ ಒಲೆಯದೆಂದು ಒಂದು ಜನ್ಮವೆಲ್ಲ ವಾದಿಸಿ, ನಗೆಪಾಟಲಾಗಿ, ಕೊನೆಗೊಂದು ಸಾಕ್ಷಿ — ಗ್ರೀಕರು ನೆಲಕ್ಕೆ ದ್ರಾಕ್ಷಾರಸ ಸುರಿದವರು, ಅನ್ನಕ್ಕೆ ನೀರು ಸುತ್ತಿದವರಲ್ಲ, ಇದು ತನಗೆ ತಿಳಿಯದೆ? ತಿಳಿದಿತ್ತು, ಹಸಿವು ಓದಿಸಿತು. ಆ ಹಸಿವನ್ನೂ ಈ ತೆರಪನ್ನೂ ಬಲ್ಲವನಾರು? ಮೂರು ವರ್ಷದಿಂದ ಭಾನುವಾರ ತಪ್ಪದೆ ಇದೇ ಮೇಜಿಗೆ ಊಟಕ್ಕೆ ಬಂದವನು, ಎದುರಿಗೆ ಕುಳಿತವನು, ಶಿಷ್ಯ, ಸರ್ ನಾಳೆ ಸೆಮಿನಾರ್‌ನಲ್ಲಿ ನೀವು ಜೆನ್ಯೂಯಿನ್ ಅಂತ ಒಂದ್ ಮಾತು ಹೇಳಿದ್ರೆ ಸಾಕು, ಈ ಡ್ರೆಸ್ಡೆನ್ ಯೂನಿವರ್ಸಿಟೀಲಿ ಆಮೇಲೆ ಯಾರೂ ಬಾಯಿ ತೆಗೆಯಲ್ಲ, ಎನ್ನುತ್ತಾನೆ, ಮೃದುವಾಗಿ, ಅತಿ ಮೃದುವಾಗಿ. ಅವನ ಸಾರು ಆರಿದ್ರೆ ಆರಲಿ ಬಿಡ್ರೀ, ನಿಮ್ಮದೂ ಆರ್ತಿದೆ, ಆ ಗ್ರೀಕರೇನು ಅನ್ನ ಕಟ್ಟಿಕೊಟ್ಟಿದಾರಾ — ಹೆಂಡತಿ ಭಾನುಮತಿ, ಸೌಟು ಹಿಡಿದು ನಿಂತೇ. ಅಥವಾ ತನ್ನದೇ ಪಾಪಶಂಕೆಯೋ? ಎಲ್ಲಿಯೋ ಗ್ರೀಕ್ ಅಜ್ಜನೊಬ್ಬನಿಗೂ ಇರುವೆಯ ಮೇಲೆ ಕರುಣೆ ಹುಟ್ಟಿರಬಾರದೆ, ಕರುಣೆಗೆ ದೇಶವುಂಟೆ — ತಾನು ಹೀಗೆಯೇ ವಾದಿಸಲೆಂದು, ತನ್ನನ್ನು ಬಲ್ಲವನು ಹೆಣೆದ ಬಲೆಯಲ್ಲವೆ ಇದು; ನಾರಾಯಣ, ನಾರಾಯಣ, ಕೆಳಗೆ ಟ್ರ್ಯಾಮ್ ತಿರುವಿನಲ್ಲಿ ಕಿರುಗುಟ್ಟಿತು. ಒಂದು ಹನಿ ಸಾಕು, ಬೆರಳ ತುದಿಯಲ್ಲೇ ಇದೆ, ತೆರಪು ಮುಚ್ಚಿಬಿಟ್ಟರೆ ಈ ಮನೆಗೂ ಆ ಚೂರಿಗೂ ನಂಟಿಲ್ಲ, ನಾಳೆ ಆ ಮಾತು ಹೇಳಬಹುದು, ಜನ್ಮದ ವಾದ ಗೆಲ್ಲಬಹುದು. ಮಂತ್ರದಲ್ಲಿ ಸತ್ಯದ ಹೆಸರು ಹೇಳಿ ಎಳೆಯುವ ನೀರಿನಿಂದಲೇ ಸತ್ಯವನ್ನು ಮುಚ್ಚುವುದೆ — ಬೆರಳು ಇಳಿಯುತ್ತಿದೆ, ಇದೇನ್ರೀ, ಇವತ್ತು ಇರುವೆ ದಾರೀನೂ ಮುಚ್ತೀರಾ, ಭಾನುಮತಿ ನಗುತ್ತಾಳೆ, ಧ್ರುವ ನಗುವುದಿಲ್ಲ, ತುತ್ತು ಅವನ ಕೈಯಲ್ಲೇ, ಅವನ ಕಣ್ಣು ಗುರುವಿನ ಮುಖದ ಮೇಲಿಲ್ಲ, ಸಾರಿನ ಮೇಲಿಲ್ಲ — ನೀರಿನ ಬಳೆಯ ಆ ತೆರಪಿನ ಮೇಲೆ, ಒಂದಿರುವೆಯೂ ಸುಳಿಯದ ಈ ನಾಲ್ಕನೆಯ ಮಹಡಿಯಲ್ಲಿ, ಹೆಬ್ಬೆರಳಿನಷ್ಟೇ ಆ ತೆರಪು, ಇನ್ನೂ ತೆರೆದೇ ಇರುವ ಆ ತೆರಪು